ಬಳೆಯಿಲ್ಲದ ಹುಳು

ಜೀವಶಾಸ್ತ್ರದ ಟೀಚರು ಹೆರಿಗೆ ರಜೆಗೆ ಹೋದಾಗ ಬೆನ್ನುಮೂಳೆಯಿಲ್ಲದ ಪ್ರಾಣಿಗಳ ಪಾಠವನ್ನು ಗಣಿತದ ಮೇಷ್ಟ್ರ ತಲೆಗೆ ಕಟ್ಟಿದರು. ಗೋಡೆ ಮೇಲೆ ಜಿರಳೆ ಕಂಡರೆ ಅವತ್ತು ಅನ್ನ ಸೇರದ ಮನುಷ್ಯ ಅವರು. ಪ್ರಾಣಿಗಳನ್ನು ಕೆಡದಂತೆ ಅದ್ದಿಟ್ಟ ಸೀಸೆಗಳನ್ನು ಬೀರುವಿನಿಂದ ಇಳಿಸುವಾಗ ಔಷಧಿಯ ಘಾಟು ಮೂಗಿಗೆ ಹೊಡೆಯಿತು. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಪಾಠ ಶುರುಮಾಡಿದರು.

“ಜೆಲ್ಲಿ ಮೀನಿನ ಮೈ ಒಂದು ಚೀಲ. ಇರೋದು ಒಂದೇ ಬಾಯಿ. ತಿನ್ನೋದೂ ಅದರಲ್ಲೇ, ಹೊರಗೆ ಹಾಕೋದೂ ಅದರಲ್ಲೇ.”

“ಸರ್, ಅದು ಬಾಯಿ ತೊಳ್ಕೊಳಲ್ವಾ?” ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ತರಗತಿ ನಕ್ಕಿತು. ಮೇಷ್ಟ್ರು ಮುಂದಿನ ಸೀಸೆಗಳನ್ನು ಎತ್ತಿದರು. ಒಂದರಲ್ಲಿ ಎರೆಹುಳು, ಇನ್ನೊಂದರಲ್ಲಿ ದುಂಡುಹುಳು. ಎರಡೂ ಕೊಳವೆಯೊಳಗೊಂದು ಕೊಳವೆ. ಎರಡಕ್ಕೂ ಬಾಯಿ ಒಂದು ಕಡೆ, ಗುದ ಒಂದು ಕಡೆ. ಆದರೆ ಎರೆಹುಳುವಿನ ಮೈ ಬಳೆ ಪೋಣಿಸಿದಂತೆ, ದುಂಡುಹುಳುವಿನದು ಬರೀ ನುಣುಪು.

ಆ ಭಾನುವಾರ ಬಚ್ಚಲಿನಿಂದ ಹೆಂಡತಿ ಕೂಗಿದಳು. ಪುಟ್ಟ ಮಗಳು ವಾರದಿಂದ ಹೊಟ್ಟೆನೋವೆಂದು ಊಟ ಬಿಟ್ಟಿದ್ದಳು. ಈಗ ಗೋಡೆಗೊರಗಿ ನಿಂತಿದ್ದಳು. ಅವಳ ಕಾಲ ಬಳಿ, ಒದ್ದೆ ನೆಲದ ಮೇಲೆ, ಗೇಣುದ್ದದ ಹುಳುವೊಂದು ನಿಧಾನಕ್ಕೆ ಹೊರಳುತ್ತಿತ್ತು.

“ಚರಂಡಿಯಿಂದ ಬಂದ ಎರೆಹುಳು ಇರ್ಬೇಕು, ನೀರು ಹುಯ್ದುಬಿಡ್ತೀನಿ,” ಎಂದು ಹೆಂಡತಿ ಚೊಂಬು ಎತ್ತಿದಳು.

“ಇರು, ಹುಯ್ಯಬೇಡ.”

ಮೇಷ್ಟ್ರು ಬಗ್ಗಿದರು. ಮುಖವನ್ನು ಹತ್ತಿರ ತರದೆ ಬೇರೆ ದಾರಿಯಿರಲಿಲ್ಲ. ಮಾಸಲು ಬಿಳುಪು, ಎರಡೂ ತುದಿ ಚೂಪು, ಹಸಿ ಹಸಿ ಹೊಳಪು. ಬಳೆ ಒಂದೂ ಇಲ್ಲ.

“ಇದು ಚರಂಡಿಯದಲ್ಲ ಕಣೇ,” ಎಂದರು. ಅಷ್ಟು ಹೇಳಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡರು. ಬಾಯಿ ಮುಕ್ಕಳಿಸಿ ಬಂದು, ರಟ್ಟಿನ ಚೂರಿನಿಂದ ಅದನ್ನು ಬಾಟಲಿಗೆ ತಳ್ಳಿ ಮುಚ್ಚಳ ಬಿಗಿದರು. ಹೆಂಡತಿ ಮಗಳೊಂದಿಗೆ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಆ ಬಾಟಲಿಯನ್ನು ಮೈಯಿಂದ ದೂರ ಹಿಡಿದೇ ನಡೆದರು.

ಡಾಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. “ತಂದಿದ್ದು ಒಳ್ಳೇದಾಯ್ತು. ಇವು ಒಂಟಿಯಾಗಿರೋದು ಕಮ್ಮಿ. ಮಗುಗೆ ಇವತ್ತೇ ಮಾತ್ರೆ ಕೊಡಿ. ನೀವಿಬ್ಬರೂ ತಗೊಳ್ಳಿ.”

“ನನಗ್ಯಾಕೆ? ನಾನು ಎಷ್ಟು ಸಲ ಕೈ ತೊಳೀತೀನಿ ಅಂತ ಇವಳನ್ನೇ ಕೇಳಿ.”

“ಮೊಟ್ಟೆ ಕಣ್ಣಿಗೆ ಕಾಣಲ್ಲ ಮೇಷ್ಟ್ರೇ. ತೊಳೆಯದ ಸೊಪ್ಪಲ್ಲಿ, ಹಸೀ ತರಕಾರೀಲಿ ಬಂದುಬಿಡುತ್ತೆ.”

ಮೇಷ್ಟ್ರು ತಮ್ಮ ಹೊಟ್ಟೆಯನ್ನು ಪರರ ಸಾಮಾನಿನಂತೆ ನೋಡಿಕೊಂಡರು. ಮಾತ್ರೆಯನ್ನು ಅಲ್ಲೇ, ನೀರಿಲ್ಲದೆ, ನುಂಗಿದರು.

ನಾಲ್ಕು ದಿನಕ್ಕೆ ಮಗಳು ಚೇತರಿಸಿಕೊಂಡಳು. ತಟ್ಟೆ ಮುಂದೆ ಕೂತು ಕೇಳಿದಳು, “ಅಪ್ಪಾ, ಅದು ಹೊಟ್ಟೇಲಿ ಏನ್ ತಿಂತಿತ್ತು?”

“ನೀನು ತಿಂದಿದ್ದನ್ನೇ.”

“ಹಾಗಲಕಾಯಿನೂ?”

“ಹ್ಞೂಂ, ಅದನ್ನೂ.”

“ಪಾಪ,” ಎಂದಳು ಮಗಳು.

ಹೆಂಡತಿ ನಕ್ಕಳು. ಮೇಷ್ಟ್ರು ತಟ್ಟೆ ಸರಿಸಿ ಎದ್ದುಹೋದರು.