ಹೊಡೆದು ಹಾಕಿದ ಎರಡು ಸಾಲು

ಊನಾ ಗೆರಟಿಯ ತರಗತಿಯಲ್ಲಿ ಒಂದು ಮಾತಿಗೆ ನಿಷೇಧವಿತ್ತು: ‘ಚೆನ್ನಾಗಿದೆ’. ಐರ್ಲೆಂಡಿನ ಮೇಯೊ ಸೀಮೆಯ ಜನ ಎಂಥವರೆಂದರೆ, ಕಾಲು ಮುರಿದುಕೊಂಡು ಬಿದ್ದವನನ್ನು ಹೇಗಿದ್ದೀಯಪ್ಪ ಎಂದು ಕೇಳಿದರೂ ಚೆನ್ನಾಗಿದ್ದೀನಿ ಅನ್ನುತ್ತಾನೆ. ಅಂಥವರ ಮಕ್ಕಳು ಒಬ್ಬರ ಪ್ರಬಂಧ ಇನ್ನೊಬ್ಬರು ಓದಿ ಬೇರೇನು ತಾನೆ ಹೇಳಿಯಾರು? ಅದಕ್ಕೇ ಶುಕ್ರವಾರದ ಅದಲುಬದಲಿಗೆ ಅವಳು ನಿಯಮ ಮಾಡಿದ್ದಳು. ಓದಿದವರು ಮನಸ್ಸಿಗೆ ನಾಟಿದ್ದು ಯಾವುದು, ನಾಟದೆ ಹೋದದ್ದು ಯಾವುದು, ಮುಂದೇನು ಮಾಡಬೇಕು ಎಂಬುದನ್ನು ಸಾಲು ತೋರಿಸಿ ಹೇಳಬೇಕು. ಅವರು ಮುಗಿಸುವವರೆಗೆ ಬರೆದವರು ತುಟಿ ಪಿಟಕ್ಕೆನ್ನಬಾರದು. ಟೀಚರಿಗೂ ಅದೇ ಕಟ್ಟಳೆ.

ಆ ಶುಕ್ರವಾರ ಬೆಳಗ್ಗೆ ಫೀಕ್ರಾ ಅವಳನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ. ಶಾಲೆಯ ಕೊನೆಯ ವರ್ಷದ ಹುಡುಗ. ಆಳು ಉದ್ದ, ಮಾತು ಗಿಡ್ಡ.

“ಮಿಸ್, ಇವತ್ತಿನ ಪ್ರಬಂಧಾನೂ ಸರಿ ಹೋಗ್ಲಿಲ್ಲ ಅಂದ್ರೆ ಸೋಮವಾರದಿಂದ ಸುಲಭದ ಪರೀಕ್ಷೆ ಬರೆಯೋ ಕೆಳಗಿನ ಮಟ್ಟದ ಕ್ಲಾಸಿಗೆ ಹೋಗ್ತೀನಿ. ಅಮ್ಮಂಗೂ ಹೇಳಿದೀನಿ.”

“ಕೆಳಗಿಳಿದ್ರೆ ನಿನಗೆ ಬೇಕಾದ ಕಾಲೇಜಿಗೆ ಅಂಕ ಸಾಲಲ್ವಲ್ಲೋ?”

“ದಡ್ಡನಿಗೆ ಯಾವ ಕಾಲೇಜು, ಬಿಡಿ ಮಿಸ್.”

ಎರಡು ವರ್ಷದಿಂದ ಅವನ ಪ್ರತಿ ಪ್ರಬಂಧದ ಅಂಚಿನಲ್ಲೂ ಊನಾ ‘ಇದರಲ್ಲಿ ನೀನೆಲ್ಲಿದ್ದೀಯ?’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಳು. ಅವನು ಆಯ್ತು ಮಿಸ್ ಎಂದು ತಲೆಯಾಡಿಸಿ ಮತ್ತೆ ಅಂಥದೇ ಒಂದು ಗಿಣಿಪಾಠ ತಂದೊಪ್ಪಿಸುತ್ತಿದ್ದ. ದಡ್ಡನಲ್ಲ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಅವನಿಗೆ ತೋರಿಸಿಕೊಡುವ ದಾರಿ ಮಾತ್ರ ಗೊತ್ತಿರಲಿಲ್ಲ.

ಈ ಸಲದ ಕವಿತೆ ಚಿಕ್ಕದು. ಒಬ್ಬ ರೈತ ಸಂಜೆ ಹೊಲದ ಗೇಟು ಮುಚ್ಚಿ, ಚಿಲಕ ಹಾಕಿ, ಮನೆಯ ಕಡೆ ಸ್ವಲ್ಪ ದೂರ ನಡೆಯುತ್ತಾನೆ. ಮತ್ತೆ ಹಿಂದಕ್ಕೆ ಬಂದು ಅದೇ ಚಿಲಕ ಅಲುಗಿಸಿ ನೋಡುತ್ತಾನೆ. ಅಷ್ಟೆ.

ಫೀಕ್ರಾನ ಪ್ರಬಂಧ ಸೈವ್‌ಳ ಪಾಲಿಗೆ ಬಂತು. ಮಾಂಸದಂಗಡಿಯವನ ಮಗಳು, ಮಾತೂ ಹಾಗೇ, ಎಲುಬು ಬೇರೆ ಮಾಂಸ ಬೇರೆ ಮಾಡಿ ಇಡುವಂಥದು. ಅವಳು ಎರಡು ಸಲ ಓದಿ, ಎದ್ದು ನಿಂತು, ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು: “‘ಸಂಜೆಯ ಆ ಗೇಟು ಜನನ ಮರಣಗಳ ಗಡಿರೇಖೆಯಾಗಿ ಕವಿತೆಯುದ್ದಕ್ಕೂ ವಿಜೃಂಭಿಸುತ್ತದೆ.’”

ಊನಾ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟಳು. ಆ ಸಾಲು ಅವಳದೇ. ಕೆಲಸಕ್ಕೆ ಹೊಸದಾಗಿ ಸೇರಿದ ವರ್ಷ, ಒಂದು ಭಾನುವಾರವಿಡೀ ಕೂತು, ಮಕ್ಕಳಿಗೆ ಮಾದರಿಯಾಗಲಿ ಎಂದು ಬರೆದು ಜೆರಾಕ್ಸ್ ಮಾಡಿಸಿ ಹಂಚಿದ್ದು. ಅಣ್ಣಂದಿರಿಂದ ತಮ್ಮಂದಿರಿಗೆ ದಾಟುತ್ತ ಅದು ಇನ್ನೂ ಊರಲ್ಲಿ ಓಡಾಡುತ್ತಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ಹೀಗೆ ಉತ್ತರ ಉರು ಹೊಡೆದು ಜೂನ್ ತಿಂಗಳ ಅಂತಿಮ ಪರೀಕ್ಷೆಗೆ ಕೂರುವುದು ಆ ದೇಶದಲ್ಲಿ ಮನೆಮನೆಯ ಕಥೆ.

“ವಿಜೃಂಭಿಸುತ್ತಂತೆ!” ಅಂದಳು ಸೈವ್. “ಗೇಟು ಕಣೋ ಅದು, ಮದುವಣಗಿತ್ತಿ ಅಲ್ಲ. ಇದನ್ನ ಬರೆದೋರು ಜನ್ಮದಲ್ಲಿ ಒಂದು ಗೇಟು ಮುಚ್ಚಿಲ್ಲ.”

ತರಗತಿ ಗೊಳ್ಳೆಂದಿತು. ಊನಾಳ ಕಿವಿ ಬಿಸಿಯಾಯಿತು. ಫೀಕ್ರಾ ಅವಳ ಮುಖ ನೋಡಿ ಬಿಳಿಚಿಕೊಂಡು ಏನೋ ಹೇಳಲು ಹೋದ.

“ಶ್! ಬಾಯಿ ಮುಚ್ಕೊಂಡಿರು, ನಿಯಮ,” ಎಂದು ಸೈವ್ ಗದರಿದಳು. “ಮೊದಲನೇ ಪುಟ ಪೂರ್ತಿ ಹೀಗೇ. ತಪ್ಪು ಹುಡುಕೋಕಾಗಲ್ಲ, ಒಪ್ಕೋತೀನಿ. ಆದ್ರೆ ಓದಿ ಮುಗಿಸಿದ್ರೂ ಆ ಮನುಷ್ಯ ಯಾಕೆ ವಾಪಸ್ ಬಂದ ಅಂತ ನಂಗೆ ಗೊತ್ತಾಗ್ಲಿಲ್ಲ. ಕವಿತೆ ಇರೋದೇ ಅದರ ಬಗ್ಗೆ ಅಲ್ವಾ?”

ಊನಾಗೆ ಮೊದಲು ಸಿಟ್ಟು ಬಂತು. ಪಾಪ, ಒಂದು ಭಾನುವಾರದ ಶ್ರಮ! ಆಮೇಲೆ, ಹುಡುಗಿ ಹೇಳುವುದು ಖರೆ ಅನ್ನಿಸಿತು. ಪುಟಗಟ್ಟಲೆ ಗೇಟಿನ ಗುಣಗಾನ ಮಾಡಿದ ತಾನು ಆ ರೈತನನ್ನು ಒಂದು ಮಾತು ಕೇಳಿರಲಿಲ್ಲ.

“ಈಗ ಎರಡನೇ ಪುಟದ ಕೆಳಗೆ ನೋಡು. ಎರಡು ಸಾಲು ಬರೆದು ಹೊಡೆದು ಹಾಕಿದೀಯ. ನಾನು ಕಿಟಕಿ ಬೆಳಕಿಗೆ ಹಿಡಿದು ಓದ್ದೆ.” ಸೈವ್‌ಳ ದನಿ ತಗ್ಗಿತು. “‘ಚಿಲಕ ಬಿದ್ದಿದೆ ಎಂದು ಅವನಿಗೆ ಗೊತ್ತು, ಅವನಿಗೆ ಮನೆಯೊಳಗೆ ಹೋಗಲು ಮನಸ್ಸಿಲ್ಲ. ಅಜ್ಜಿ ತೀರಿಕೊಂಡ ಮೇಲೆ ನಮ್ಮಜ್ಜನೂ ಹೀಗೇ ಹೊರಗೆ ಕೆಲಸ ಹುಡುಕಿಕೊಂಡು ನಿಂತಿರುತ್ತಿದ್ದರು.’”

ಸೈವ್ ಹಾಳೆಯಿಂದ ತಲೆಯೆತ್ತಿ ಫೀಕ್ರಾನ ಕಡೆ ತಿರುಗಿದಳು.

“ಇದನ್ನ ಯಾಕೋ ಹೊಡೆದೆ, ಪೆದ್ದ? ಇದನ್ನ ಓದಿದ್ಮೇಲೆ ನಾನು ಕವಿತೆ ಇನ್ನೊಂದ್ಸಲ ತೆಗೆದು ನೋಡ್ದೆ. ಕೊನೇ ಸಾಲಲ್ಲಿ ಆ ಮನೆ ಕಿಟಕೀಲಿ ದೀಪ ಇಲ್ಲ. ನಾನದನ್ನ ಗಮನಿಸೇ ಇರ್ಲಿಲ್ಲ. ನೀನು ಅದನ್ನೂ ಹಿಡ್ಕೊ. ಇಲ್ಲಿಂದ ಶುರು ಮಾಡು, ಮೊದಲನೇ ಪುಟ ಎಸಿ. ಆಯ್ತು, ಈಗ ಬಾಯಿ ಬಿಡು. ಆ ಮೊದಲನೇ ಪುಟ ಯಾರ್ದು? ನಿಂದಂತೂ ಅಲ್ಲ.”

ಫೀಕ್ರಾ ನೆಲ ನೋಡಿದ. “ಯಾರ್ದೋ. ನಮ್ಮ ದೊಡ್ಡಪ್ಪನ ಮಗ ಕೊಟ್ಟ.”

ಯಾರದೆಂದು ಗೊತ್ತಿದ್ದೂ ಹುಡುಗ ತನ್ನ ಟೀಚರ ಮಾನ ಕಾಯುತ್ತಿದ್ದಾನೆ ಎಂದು ಊನಾಗೆ ಅರ್ಥವಾಯಿತು.

“ನಂದು,” ಅಂದಳು.

ಸೈವ್ ಕತ್ತಿನವರೆಗೂ ಕೆಂಪಾದಳು. “ಅಯ್ಯೋ ದೇವ್ರೇ! ಮಿಸ್, ಚೆನ್ನಾಗೇ ಇತ್ತು ಮಿಸ್…”

“ಆ ಮಾತು ಎತ್ತಿದ್ರೆ ಹೊರಗೆ ಕಳಿಸ್ತೀನಿ. ನೀನು ಹೇಳಿದ್ದು ಒಂದೊಂದಕ್ಷರಾನೂ ನಿಜ.”

ಊನಾಗೆ ಆದದ್ದು ಅವಮಾನವಲ್ಲ, ಹೆಮ್ಮೆ. ಎರಡು ವರ್ಷ ತಾನು ಕೆಂಪು ಶಾಯಿ ಸುರಿದು ಹುಡುಕಿದ ಹುಡುಗನನ್ನು ಅವನೇ ಹೊಡೆದು ಹಾಕಿದ ಎರಡು ಸಾಲಿನ ಅಡಿಯಿಂದ ಈ ಹುಡುಗಿ ಎತ್ತಿ ತಂದಿದ್ದಳು. ಇವಳಿಗೆ ಓದುವುದನ್ನು ಕಲಿಸಿದ್ದು ನಾನೇ ಎಂದು ಎದೆಯುಬ್ಬಿಸಿ ಇಡೀ ಶಾಲೆಗೆ ಕೇಳುವಂತೆ ಕೂಗಬೇಕು ಅನ್ನಿಸಿತು ಊನಾಗೆ.

ಊಟದ ಗಂಟೆ ಹೊಡೆದು ಎಲ್ಲರೂ ಹೊರಗೆ ನುಗ್ಗಿದರು. ಫೀಕ್ರಾ ಮಾತ್ರ ಕೂತಲ್ಲೇ ಇದ್ದ. ಮೊದಲನೇ ಪುಟವನ್ನು ನೀಟಾಗಿ ಮಡಿಸಿ ತಂದು ಅವಳ ಮೇಜಿನ ಮೇಲಿಟ್ಟ, ಸಾಲ ತೀರಿಸಿದವನ ಹಾಗೆ.

“ಉಳಿದದ್ದನ್ನ ಸೋಮವಾರ ಬರ್ಕೊಂಡು ತರ್ಲಾ ಮಿಸ್?”

“ಸೋಮವಾರ ನೀನು ಕೆಳಗಿನ ಕ್ಲಾಸಲ್ಲಿ ಇರ್ತೀಯ ಅಂದ್ಕೊಂಡೆ.”

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಸೈವ್ ಇನ್ನೂ ತಲೆ ಚಚ್ಚಿಕೊಳ್ಳುತ್ತ ಗೆಳತಿಯರ ಕೈಲಿ ಲೇವಡಿ ಮಾಡಿಸಿಕೊಳ್ಳುತ್ತಿದ್ದಳು.

“ಆ ಕ್ಲಾಸಲ್ಲಿ ಇವಳಿರಲ್ವಲ್ಲ ಮಿಸ್,” ಅಂದ ಫೀಕ್ರಾ. “ನಾನು ಬರೆದಿದ್ದನ್ನ ಮತ್ಯಾರು ಓದ್ತಾರೆ?”