ಹಿಕ್ಕೆಯ ಬಲ

“ದೂರ ಕುಂತ್ಕಳ್ರೇ ಮುಂಡೇವಾ! ಕುರಿ ನಾತ ಮೂಗಿಗೆ ಒಡೀತೈತೆ!”

ಜಮೀನ್ದಾರ ಪಳನಿಯಪ್ಪನ್ ಕುರ್ಚಿಯಲ್ಲಿ ಕುಳಿತು ಮೂಗಿಗೆ ಟವಲು ಒತ್ತಿಕೊಂಡಿದ್ದ. ಕಂಬಳಿ ನೇಯುವ ನಮಗೆ ವ್ಯಾಪಾರ ಕಲಿಸಲು ಬ್ಲಾಕ್ ಆಫೀಸಿನಿಂದ ಟೆರಿಲಿನ್ ಅಂಗಿಯ ನಾರಾಯಣಪ್ಪ ಮೇಷ್ಟ್ರು ಬಂದಿದ್ದರು. ಆ ಪಾಠಕ್ಕೆ ಇವನು ತಲೈವರ್, ಅಧ್ಯಕ್ಷ ಅಂತೆ! ನನಗೆ ಮೈಯೆಲ್ಲ ಉರಿಯಿತು. ಏಳಹೊರಟ ನನ್ನನ್ನು ಅತ್ತೆ ಮಾರಕ್ಕ ಸೆರಗು ಜಗ್ಗಿ ಕೂರಿಸಿದಳು.

ಮೇಷ್ಟ್ರು ಕೋಲಿನಿಂದ ಮಣ್ಣಲ್ಲಿ ನಾಲ್ಕು ಮನೆ ಗೀಚಿದರು.

“ಇದು ನಿಮ್ಮ ಬಲ, ಇದು ಕೊರತೆ, ಇದು ಮುಂದಿನ ದಾರಿ, ಇದು ಅಪಾಯ. ನೀವೇ ತುಂಬಬೇಕು. ಬಲ ಏನಮ್ಮಾ?”

“ಕಂಬ್ಳಿ ಸಾಮಿ,” ಎಂದೆವು ಎಲ್ಲರೂ.

“ಕೊರತೆ?”

“ಆ ಕಂಬ್ಳಿನ ಯಾವ ನನ್ಮಗನೂ ಕೊಳ್ಳಾಕಿಲ್ಲ,” ಎಂದಳು ಅತ್ತೆ. ನಾವು ಗೊಳ್ಳೆಂದು ನಕ್ಕೆವು. ಮೇಷ್ಟ್ರೂ ನಕ್ಕರು.

ಪಳನಿಯಪ್ಪನ್ ಮೇಲೆದ್ದ. “ಪೋದುಂ, ಸಾಕು ಮಾಡಿ,” ಎಂದು ನನ್ನ ಕಡೆ ತಿರುಗಿದ. “ಲೇ ಅಂಕಿ, ಸಂಜೆ ಮಂದೆ ತಂದು ನನ್ ಒಲದಾಗೆ ನಿಲ್ಸು. ಬಿತ್ನೆಗೆ ಮುಂಚೆ ಗೊಬ್ರ ಬೀಳ್ಲಿ.”

ಕೊಯ್ಲಾದ ಮೇಲೆ ಅವನ ಕೂಳೆಯಲ್ಲಿ ನಮ್ಮ ಕುರಿ ಮೇಯುತ್ತವೆಂದು, ರಾತ್ರಿ ಮಂದೆಯನ್ನು ಅವನ ಹೊಲದಲ್ಲೇ ಬಿಟ್ಟಿ ತಂಗಿಸುವುದು ಮಾವನ ಕಾಲದಿಂದ ನಡೆದುಬಂದಿತ್ತು. ಬೇರೆ ಕಡೆ ಮಂದೆ ನಿಲ್ಲಿಸಿದವರಿಗೆ ರಾಗಿ ಅಳೆದು ಕೊಡುತ್ತಾರೆ. ನಮ್ಮ ಮನೆಯಲ್ಲೋ ಮುದ್ದೆಗೆ ಹಿಟ್ಟಿರಲಿಲ್ಲ.

“ನೀವು ನಿಲ್ಲಿಸದಿದ್ರೆ ಏನಾಗುತ್ತೆ?” ಮೇಷ್ಟ್ರು ಮೆಲ್ಲಗೆ ಕೇಳಿದರು.

ಅಯ್ಯೋ ಶಿವನೇ, ಇಷ್ಟು ದಿನ ಇದನ್ನು ಯೋಚಿಸಿಯೇ ಇರಲಿಲ್ಲವಲ್ಲ! ತಟಕ್ಕನೆ ಎದ್ದು ನಿಂತೆ.

“ಅವ್ನ ಒಲ ಬೆಳೆಯಾಕಿಲ್ಲ ಸಾಮಿ! ಬಲದ ಮನ್ಯಾಗೆ ಕಂಬ್ಳಿ ಅಳ್ಸಿ, ಕುರಿ ಇಕ್ಕೆ ಅಂತ ಬರೀರಿ!”

“ಅಪಾಯ?”

ಅತ್ತೆ ಪಳನಿಯಪ್ಪನ ಕಡೆ ಬೆರಳು ಚಾಚಿದಳು. “ಅಗೋ, ನಿಂತೈತಲ್ಲ.”

“ತಿಮಿರಾ, ಕೊಬ್ಬಾ ನಿಮ್ಗೆ? ನನ್ ಕೂಳೆಗೆ ಕುರಿ ಬಂದ್ರೆ ಕಾಲ್ ಮುರೀತೀನಿ!”

“ನಿನ್ ಕೂಳೆ ನೀನೇ ಮೇಯಪ್ಪೋ!” ಎಂದಳು ಅತ್ತೆ.

ನಗು ತಡೆಯಲಾಗದೆ ನಾವು ಒಬ್ಬರ ಮೇಲೊಬ್ಬರು ಬಿದ್ದೆವು. ಮಧ್ಯಾಹ್ನವೇ ನನ್ನ ಗಂಡ ಮಾದಯ್ಯ ಕಡಯಂಪಟ್ಟಿ ದಾರಿಯ ರೈತ ಮುತ್ತುಸ್ವಾಮಿಯನ್ನು ಕಂಡು ಬಂದ. ಮುತ್ತುಸ್ವಾಮಿ ಮೇಯಲು ಕೂಳೆ, ಮಂದೆಗೆ ರಾಗಿ, ಎರಡಕ್ಕೂ ಒಪ್ಪಿದ್ದ.

ಸಂಜೆ ಮಂದೆ ಮುತ್ತುಸ್ವಾಮಿಯ ಹೊಲಕ್ಕೆ ಹೊರಟಿತು. ಪಳನಿಯಪ್ಪನ್ ಏದುಸಿರು ಬಿಡುತ್ತ ಬದುವಿನ ಮೇಲೆ ಓಡಿಬಂದ.

“ನಿಲ್ರೇ! ನಾನೂ ರಾಗಿ ಕೊಡ್ತೀನಿ!”

ಮಾದಯ್ಯ ಹೆದರಿ ನನ್ನ ಮುಖ ನೋಡಿದ. ನಾನು ನಿಲ್ಲಲಿಲ್ಲ.

“ಈ ಸಲ ಮಾತು ಕೊಟ್ಟಾಗೈತೆ. ಬರೋ ವರ್ಸ ಬೇಕಂದ್ರೆ ನಮ್ಮಟ್ಟಿಗೆ ಬಂದು ಕೇಳು,” ಎಂದೆ. “ಬಗ್ಗಿ ಬಾ. ನಮ್ ಬಾಗ್ಲು ಗಿಡ್ಡ.”