ಗೋಣಿಯ ಹಲಗೆ

ಡಬ್ ಎನ್ನುತ್ತದೆ, ಗೆಣ್ಣಿನಿಂದ ಬಡಿದರೆ ಒಣಗಿದ ಸೋರೆಬುರುಡೆಯ ಸದ್ದು, ಮರವಲ್ಲವಲ್ಲ, ಗೋಣಿ, ನನ್ನ ಹಳೆಯ ಪಂಚೆ, ಮತ್ತೆ ಗೋಣಿ, ನಡುನಡುವೆ ಕಾಯಿಸಿ ಮಂದ ಮಾಡಿದ ಗೇರುಸಿಪ್ಪೆಯ ಎಣ್ಣೆ, ಉಳ್ಳಾಲದವರು ದೋಣಿಗೆ ಬಳಿಯುವಂಥದ್ದು — ಈ ಮೋಟಾರು ಗಾಡಿಯ ಒಳಮೈಗೆಲ್ಲ ನನ್ನ ಹೆಂಡತಿ ರೊಸಾಲಿನ್ ಮಾಡಿದ ಹಲಗೆ, ಒಂದು ಕೈಯಲ್ಲಿ ಎತ್ತಬಹುದು, ದೇವಾ ಸಾಯ್ಬಾ, ಇಪ್ಪತ್ತು ವರ್ಷ ಉಳಿ ಹಿಡಿದ ಬಡಗಿ ನಾನು, ನನಗೆ ಹೊಳೆಯಲಿಲ್ಲ! ಗಟ್ಟಿ ಕೂತುಕೊಳ್ಳಿ ಪೊರ್ಬುಗಳೇ, ಬಲ್ಮಠದ ಏರು ಬಂತು, ಎನ್ನುತ್ತಾನೆ ಡ್ರೈವರ್ ಹಾಶಿಂ, ಕ್ರಿಸ್ತುವರಿಗೆಲ್ಲ ಇಲ್ಲಿ ಪೊರ್ಬುಗಳೆಂದೇ ಹೆಸರು, ಇದೇ ಏರಿನಲ್ಲಿ ಹೋದ ತಿಂಗಳು ನಿಂತುಬಿಟ್ಟಿತ್ತು, ಯುದ್ಧದಿಂದ ಪೆಟ್ರೋಲಿಲ್ಲ, ಇದ್ದಿಲ ಗ್ಯಾಸಿಗೆ ದಮ್ಮಿಲ್ಲ, ಅದರ ಮೇಲೆ ನಾನು ಹೊಡೆದ ಸಾಗುವಾನಿ ಹಲಗೆ, ಮದುವೆಯ ಮಂಚದಷ್ಟು ಭಾರ, ಗಾಡಿ ಪರೀಕ್ಷೆ ಮಾಡಲು ಏರಿನ ತುದಿಯಲ್ಲಿ ನಿಂತಿದ್ದ ಸಾಹೇಬ ಕೆಳಗಿಳಿದು ಬಂದು, ಇನ್ನೊಂದು ಸಲ ನಿಂತರೆ ಪರ್ಮಿಟ್ ಇಲ್ಲ, ಅಂದ, ಅಂಗಳದಲ್ಲಿ ಎರಡು ವರ್ಷ ಕಟ್ಟಿದ ಗಾಡಿ ಕೋಳಿಗೂಡಾಗುತ್ತಿತ್ತು. ಬಿಚ್ಚಿ ಅದನ್ನು, ಎಂದಳು ರೊಸಾಲಿನ್, ನಿಮ್ಮ ಹಲಗೆ ಚಂದ ಉಂಟು, ನನಗೆ ಅಚ್ಚಿಗೆ ಬೇಕು — ಎಂಥ ಮಾತು! — ಅದರ ಮೇಲೆ ಬಾಳೆಎಲೆ ಹಾಸಿ ಗೋಣಿ ಹರಡಿದಳು, ಎಣ್ಣೆ ಮರ ಹಿಡಿಯಬಾರದಲ್ಲ, ಕ್ರಿಸ್ಮಸಿನ ಗೋದಲಿಗೆ ವರ್ಷವೂ ಗೋಣಿ ಅಂಟಿಸಿ ಗುಡ್ಡ ಮಾಡುವವಳು, ನಾನು ನಕ್ಕೆ, ಬಟ್ಟೆಯ ಮೋಟಾರು ಅಂದೆ.

ಮೊದಲನೆಯದು ಪದರ ಪದರ ಬಿಟ್ಟುಕೊಂಡಿತು, ಮತ್ತೂ ನಕ್ಕೆ, ಥೂ ನನ್ನ ಬಾಯಿಗೆ. ಗೇರುಬೀಜದ ಕಾರ್ಖಾನೆಗೆ ಹೋಗುವ ನೆರೆಮನೆಯ ಪಾತುಮ್ಮ ಹೇಳಿಕೊಟ್ಟಿದ್ದಳು, ತೆಂಗಿನೆಣ್ಣೆ ಹಚ್ಚದೆ ಮುಟ್ಟಬೇಡ ತಂಗಿ, ಚರ್ಮ ಸುಲಿದು ಹೋಗ್ತದೆ, ಹಾಗೇ ಹಚ್ಚಿಕೊಂಡಿದ್ದಳು ರೊಸಾಲಿನ್, ಕೈಯ ಆ ತೆಂಗಿನೆಣ್ಣೆಯೇ ಪದರದೊಳಗೆ ಸೇರಿ ಕೆಡಿಸಿದ್ದು. ಮಾರನೆಯ ದಿನ ಅಂಟುವಾಳದಲ್ಲಿ ಕೈ ತಿಕ್ಕಿ ತೊಳೆದು ಬರಿಗೈಯಲ್ಲಿ ಕೂತಳು, ಬೇಡ ಮಾರಾಯ್ತಿ, ಬ್ರಶ್ಶಿನಲ್ಲಿ ಬಳಿ, ಅಂದೆ, ಬ್ರಶ್ಶಿಗೆ ಒಳಗಿನ ಗಾಳಿಗುಳ್ಳೆ ಗೊತ್ತಾಗ್ತದಾ, ಬೆರಳಿಂದಲೇ ಒತ್ತಬೇಕು, ಚರ್ಮ ಮತ್ತೆ ಬರ್ತದೆ, ಮಳೆ ಹಿಡಿದರೆ ಒಣಗಿಸುವುದು ಎಲ್ಲಿ, ಅಂದಳು. ಎಂಟು ಹಲಗೆ. ಆರನೆಯದಕ್ಕೆ ಬೆರಳು ಊದಿ ಉಂಗುರದ ಸುತ್ತ ಕಪ್ಪಾಗಿತ್ತು, ಮದುವೆಯ ದಿನ ಇಗರ್ಜಿಯಲ್ಲಿ ನಾನೇ ತೊಡಿಸಿದ ಉಂಗುರ, ನಾನೇ ಅದನ್ನು ಅರದಲ್ಲಿ ಉಜ್ಜಿ ಕತ್ತರಿಸಿ ತೆಗೆದೆ, ಅವಳು ಆ ಬೆರಳೊಂದನ್ನು ಎತ್ತಿ ಹಿಡಿದು ಉಳಿದೆರಡನ್ನೂ ಮುಗಿಸಿದಳು. ಇದು ಎಂಟನೆಯದು, ನನ್ನ ಮೊಣಕೈಯ ಹತ್ತಿರ, ಅವಳು ಒತ್ತಿದ ಗುರುತು ಹಾಗೇ ಒಣಗಿದೆ, ಎರಡು ಬೆರಳು, ಒಂದು ಖಾಲಿ, ಕಿರುಬೆರಳು — ಕೆಮ್ಮಿತು ಗಾಡಿ, ಅದೇ ಮಾವಿನ ಮರ, ಹೋದ ಸಲ ನಿಂತದ್ದು ಇಲ್ಲೇ, ನಿಲ್ಲಬೇಡ, ನಿಲ್ಲಬೇಡ, ಮನೆಯಲ್ಲಿ ಅವಳು ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾಳೆ, ಜಪಮಾಲೆಯ ಮಣಿ ಹಿಡಿಯಲಾಗುವುದಿಲ್ಲ ಅವಳಿಗೆ, ಎರಡು ಬೆರಳು, ಒಂದು ಖಾಲಿ — ಹತ್ತುತ್ತಿದೆ, ಸಾಯ್ಬಾ, ಮರ ಹಿಂದೆ ಬಿತ್ತು, ಸಾಹೇಬನ ಟೊಪ್ಪಿ ಕಾಣುತ್ತಿದೆ, ಹಾಶಿಂ ನಗುತ್ತಿದ್ದಾನೆ, ಬಂತಲ್ಲ ಮೇಲೆ, ಇಳಿಯಿರಿ ಪೊರ್ಬುಗಳೇ, ಸಾಹೇಬರು ಕರೀತಾರೆ, ಪರ್ಮಿಟ್ ಕಾಗದ ಕೊಡ್ತಾರಂತೆ, ಎಂತ ಕೂತಿದ್ದೀರಿ — ಇಳಿಯುತ್ತೇನೆ, ಇಳಿಯುತ್ತೇನೆ, ನನ್ನ ಬೆರಳು ಆ ಗುರುತಿನಲ್ಲಿದೆ, ಎರಡು ಬೆರಳು, ಒಂದು ಖಾಲಿ, ಕಿರುಬೆರಳು, ಒಂದು ಖಾಲಿ